ಮಾರ್ಟಿನ್ ಹೊಲದಲ್ಲಿ ಹನ್ನೊಂದು ಸುತ್ತು

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ನಂಬಿದವಳಲ್ಲ. ಅದಕ್ಕೆ ನನ್ನ ಕೆಲಸವೇ ಕಾರಣ. ಗದಗ ಜಿಲ್ಲೆಯಲ್ಲಿ ಒಂಬತ್ತು ವರ್ಷ ಸರ್ಕಾರಿ ಭೂಮಾಪಕಿಯಾಗಿದ್ದೆ, ಜನರ ಬಾಯಲ್ಲಿ ‘ಸರ್ವೆ ಮೇಡಂ’. ಹೊಲ ಅಳೆಯಲು ಹೋದಾಗ ಯಾರಾದರೂ, “ಆ ಮೂಲಿಗೆ ಮಾತ್ರ ಹೋಗಬ್ಯಾಡ್ರಿ ಮೇಡಂ, ಅಲ್ಲಿ ಗಾಳಿ ಐತಿ” ಎಂದರೆ ನಾನು ಮೊದಲು ಆ ಮೂಲೆಗೇ ನಡೆಯುತ್ತಿದ್ದೆ. ಅಲ್ಲಿ ಬಾಂದು ಕಲ್ಲು ನಾಲ್ಕು ಹೆಜ್ಜೆ ಪಕ್ಕದವನ ಹೊಲದೊಳಗೆ ಸರಿದು ಕೂತಿರುತ್ತಿತ್ತು. ದೆವ್ವಗಳೆಂದರೆ ಒತ್ತುವರಿ ಮಾಡುವವರ ನೆಂಟರು ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಹಾಗೆ.

ಏಳು ವರ್ಷದ ಹಿಂದೆ ಐರ್ಲೆಂಡಿನ ಒಂದು ಹೊಲದಲ್ಲಿ, ಹಾಡುಹಗಲಿನಲ್ಲಿ, ನನಗೇ ಒಂದು ಸಂಗತಿ ನಡೆಯಿತು. ಓದಿ ನಿಮಗೆ ನಗು ಬಂದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ ನನ್ನ ಕೈಲಾಗುವುದು.

ನಮ್ಮವರು ಡಾಕ್ಟರು. ಈ ದೇಶಕ್ಕೆ ಬಂದ ಮೊದಲ ಮೂರು ವರ್ಷ ನಾವು ರಾಜಧಾನಿಯ ಹೊರವಲಯದ ಟಾಲಾದಲ್ಲಿದ್ದೆವು. ಆಮೇಲೆ ಅವರಿಗೆ ಪಶ್ಚಿಮದ ಕಡೆಯ ಒಂದು ಆಸ್ಪತ್ರೆಯಲ್ಲಿ ಕಾಯಂ ಕೆಲಸ ಸಿಕ್ಕಿತು. ಟಾಲಾ ಹತ್ತಿರದ ಲೂಕನ್‌ನ ಗೆಳತಿಯರು, “ಆ ಹಳ್ಳಿಗೆ ಹೋಗಿ ಏನ್ ಮಾಡ್ತೀಯಾ? ಒಂದು ಹಲಾಲ್ ಅಂಗಡಿ ಕೂಡ ಇರಲ್ಲ” ಎಂದು ಕನಿಕರಪಟ್ಟರು. ಅಂಗಡಿ ಇರಲಿಲ್ಲ, ನಿಜ. ಆದರೆ ಕ್ಲೂನ್‌ಬ್ರಾಕ್‌ನಲ್ಲಿ ಇದ್ದದ್ದು ಬೇರೆಲ್ಲೂ ಇರಲಿಲ್ಲ.

ಕ್ಲೂನ್‌ಬ್ರಾಕ್ ಒಂದು ಪ್ಯಾರಿಷ್. ಒಂದು ಇಗರ್ಜಿಗೆ ಸೇರಿದ ಊರುಗಳ ಗುಂಪಿಗೆ ಆ ಹೆಸರು, ನಮ್ಮ ಹೋಬಳಿಗಿಂತ ಚಿಕ್ಕದು. ಅದರೊಳಗೆ ಟೌನ್‌ಲ್ಯಾಂಡ್‌ಗಳು. ಹೆಸರಿಗೆ ಟೌನ್, ಇರುವುದು ಹುಲ್ಲು ಮತ್ತು ಹಸು. ಉತ್ತರಕ್ಕೆ ಕೆರೆ, ದಕ್ಷಿಣಕ್ಕೆ ಕಂದು ಬಣ್ಣದ ಜೌಗುನೆಲ, ನಡುವೆ ಪೂರ್ವ ಪಶ್ಚಿಮವಾಗಿ ಒಂದು ಉದ್ದನೆಯ ಜಲ್ಲಿ ದಿಬ್ಬ. ಹಿಮಯುಗದ ಹಿಮ ಕರಗಿ ಹರಿದ ನೀರು ಬಿಟ್ಟುಹೋದ ಜಲ್ಲಿ ಅದು. ಶಾಲೆ, ಇಗರ್ಜಿ, ಪಬ್ಬು, ಆಟದ ಮೈದಾನ ಎಲ್ಲ ಆ ದಿಬ್ಬದ ಬೆನ್ನ ಮೇಲೇ ಇವೆ, ಏಕೆಂದರೆ ಕಾಲು ಒದ್ದೆಯಾಗದ ಜಾಗ ಅದೊಂದೇ. ಹಳೆಯ ಸನ್ಯಾಸಿ ಮಠದ ಒಂದು ಗೋಡೆ ಇನ್ನೂ ನಿಂತಿದೆ. ಆಲೂಗಡ್ಡೆ ಕೊಳೆತ ಬರಗಾಲದಲ್ಲಿ ಖಾಲಿಯಾದ ಮನೆಗಳ ಬುನಾದಿಗಳು ಹುಲ್ಲಿನ ಕೆಳಗೆ ಉಬ್ಬಿಕೊಂಡು ಕಾಣುತ್ತವೆ.

ಅಲ್ಲಿ ಪ್ರತಿಯೊಂದು ಹೊಲಕ್ಕೂ ಹೆಸರಿದೆ. ಸುಣ್ಣದ ಗೂಡಿನ ಹೊಲ, ಕುದುರೆ ಹೊಲ, ವಿಧವೆಯ ಹೊಲ. ನಮ್ಮ ಕಡೆ ಬನ್ನಿಗಿಡದ ಹೊಲ, ಹುಣಸೆಮರದ ಹೊಲ ಅನ್ನುವುದಿಲ್ಲವೇ, ಹಾಗೆಯೇ. ಇವು ಯಾವ ಕಾಗದದಲ್ಲೂ ಇರಲಿಲ್ಲ, ಮುದುಕರ ಬಾಯಲ್ಲಿ ಮಾತ್ರ ಇದ್ದವು. ಒಬ್ಬ ಮುದುಕ ಸತ್ತರೆ ನಾಲ್ಕೈದು ಹೊಲಗಳು ಹೆಸರು ಕಳೆದುಕೊಳ್ಳುತ್ತಿದ್ದವು. ಅವನ್ನೆಲ್ಲ ಸೇರಿಸಿ ಪ್ಯಾರಿಷ್‌ನ ನಕ್ಷೆ ಬರೆಯೋಣವೆಂದು ಊರವರು ಹಾಲ್‌ನಲ್ಲಿ ಸಭೆ ಕರೆದರು. ಮಕ್ಕಳ ಬಣ್ಣದ ಕಡ್ಡಿಯಲ್ಲಿ ಗೀಚಿದ ಒಂದು ಹಾಳೆ ಹರಡಿಕೊಂಡು ಕೂತಿದ್ದರು. ನೋಡಿ ತಡೆಯಲಾಗದೆ ನಾನು ಎದ್ದು ನಿಂತು, ನನ್ನ ಕೆಲಸವೇ ಇದು ಎಂದೆ. ಒಂದು ಕಪ್ ಚಹಾ ಕೊಟ್ಟು ಇಡೀ ಪ್ಯಾರಿಷ್ಷನ್ನು ನನ್ನ ತಲೆಗೆ ಕಟ್ಟಿದರು. ಚಹಾ ಕುಡಿಸಿ ಕೆಲಸ ಒಪ್ಪಿಸುವುದರಲ್ಲಿ ಐರಿಷರು ಥೇಟ್ ನಮ್ಮವರೇ.

ಆ ನಕ್ಷೆ ಇವತ್ತು ಹಾಲ್‌ನ ಗೋಡೆಯ ಮೇಲಿದೆ, ಬಾಗಿಲಿನಷ್ಟು ಎತ್ತರ. ಅದನ್ನು ಬರೆದವಳು ನಾನು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ಅಳೆಯುವುದನ್ನು ನನಗೆ ಕಲಿಸಿದವರು ನಮ್ಮ ಅಬ್ಬಾ, ಅವರೂ ಸರ್ವೆ ಇಲಾಖೆಯವರು. ಗದಗಿನ ಎರೆಮಣ್ಣಿನಲ್ಲಿ ಸರಪಳಿ ಎಳೆದು ಕಲಿತ ವಿದ್ಯೆ ಇಲ್ಲಿಯ ಕೆಸರಿನಲ್ಲೂ ನಡೆಯಿತಲ್ಲ ಎಂಬ ಹೆಮ್ಮೆ ನನಗೆ ಇವತ್ತಿಗೂ ಇದೆ.

ಎರಡು ವರ್ಷ ಶನಿವಾರ ಭಾನುವಾರಗಳಲ್ಲಿ ಆ ಕೆಲಸ ನಡೆಯಿತು. ನಾನು ಇಲ್ಲಿ ದುಡಿಯುತ್ತಿದ್ದ ಸರ್ವೆ ಕಚೇರಿಯಿಂದ ಜಿಪಿಎಸ್ ಕೋಲು ತರುತ್ತಿದ್ದೆ. ಆಳೆತ್ತರದ ಕೋಲು, ತುದಿಯಲ್ಲಿ ದುಂಡನೆಯ ಯಂತ್ರ, ನಡುವೆ ಒಂದು ಚಿಕ್ಕ ಪರದೆ. ನೀವು ನಿಂತ ಜಾಗವನ್ನು ಎರಡು ಬೆರಳಿನ ಅಗಲದಷ್ಟು ನಿಖರವಾಗಿ ಹೇಳುತ್ತದೆ, ನಡೆದ ದಾರಿಯನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಹೆಸರು ಹೇಳಲು ಕಾರಿನ ಮುಂದಿನ ಸೀಟಿನಲ್ಲಿ ನೋರಾ ಇರುತ್ತಿದ್ದರು. ಎಂಬತ್ತೆರಡು ವಯಸ್ಸು, ಮೂವತ್ತು ವರ್ಷ ಸೈಕಲ್ ತುಳಿದು ಆ ಊರುಗಳಿಗೆ ಕಾಗದ ಹಂಚಿದವರು. ಅವರಿಗೆ ಗೊತ್ತಿಲ್ಲದ ಗೇಟು ಪ್ಯಾರಿಷ್‌ನಲ್ಲಿ ಇರಲಿಲ್ಲ. ಅಷ್ಟು ಹಿರಿಯರನ್ನು ಬರಿ ಹೆಸರು ಹಿಡಿದು ಕರೆಯಲು ನನಗೆ ನಾಲಿಗೆ ಏಳುತ್ತಿರಲಿಲ್ಲ. ಆಂಟಿ ಎಂದೆ. ಅವರು ಕಾರಿನ ಹಿಂದಿನ ಸೀಟಿನ ಕಡೆ ತಿರುಗಿ, ಯಾರನ್ನು ಕರೆಯುತ್ತಿದ್ದಾಳೆ ಎಂಬಂತೆ ಹುಡುಕಿದರು. ಆಮೇಲೆ ನೋರಾ ಎಂದೇ ಕರೆಯತೊಡಗಿದೆ. ಅವರು ನನ್ನನ್ನು ಪ್ರೀತಿಯಿಂದ ‘ಪೆಟ್’ ಎನ್ನುತ್ತಿದ್ದರು, ನಮ್ಮ ‘ಮಗಾ’ ಇದ್ದ ಹಾಗೆ. ಅವರು ಆಡಿದ್ದು ಇಂಗ್ಲಿಷ್, ನನಗೆ ಕೇಳಿಸಿದ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾರ್ಟಿನ್ ಎಂಬ ರೈತರ ಏಳೆಕರೆ ಹೊಲವೊಂದು ಕೆರೆಯ ಹತ್ತಿರವಿತ್ತು. ಅದರ ಮುಂದೆ ಹೋದಾಗಲೆಲ್ಲ ನೋರಾ ಸುಮ್ಮನಾಗುತ್ತಿದ್ದರು. ಮೂರನೆಯ ಸಲ ನಾನೇ ಕಾರು ನಿಲ್ಲಿಸಿ, “ಇದರ ಹೆಸರು ಹೇಳಲೇ ಇಲ್ವಲ್ಲ ನೀವು” ಎಂದೆ.

“ಈ ಹೊಲದಲ್ಲಿ ನನ್ನ ತಮ್ಮ ಇದಾನೆ, ಪೆಟ್” ಎಂದರು ನೋರಾ.

ನೋರಾ ಐದು ವರ್ಷದವರಿದ್ದಾಗ ಅವರ ತಾಯಿಗೆ ಉಸಿರಿಲ್ಲದ ಗಂಡುಮಗು ಹುಟ್ಟಿತಂತೆ. ಜ್ಞಾನಸ್ನಾನವಾಗದೆ ತೀರಿಕೊಂಡ ಮಕ್ಕಳನ್ನು ಆ ಕಾಲದಲ್ಲಿ ಇಗರ್ಜಿಯ ಸ್ಮಶಾನಕ್ಕೆ ಸೇರಿಸುತ್ತಿರಲಿಲ್ಲ. ಊರಾಚೆ ಯಾವುದೋ ಹೊಲದ ಮೂಲೆಯಲ್ಲಿ ಅಂಥ ಮಕ್ಕಳಿಗೆಂದೇ ಜಾಗವಿರುತ್ತಿತ್ತು. ಅದನ್ನು ಕಿಲ್ಲೀನ್ ಎನ್ನುತ್ತಾರೆ. ಅಪ್ಪ ಒಂದು ಪುಟ್ಟ ಪೆಟ್ಟಿಗೆಯನ್ನು ಕೋಟಿನೊಳಗೆ ಹಿಡಿದುಕೊಂಡು ಒಬ್ಬರೇ ಹೋದದ್ದನ್ನು ನೋರಾ ಕಿಟಕಿಯಿಂದ ನೋಡಿದ್ದರು. ಅಪ್ಪ ವಾಪಸು ಬಂದರು, ಬೂಟು ತೊಳೆದರು, ಸಾಯುವವರೆಗೂ ಆ ಮಾತು ಎತ್ತಲಿಲ್ಲ. ಹೊಲ ಇದೇ ಎಂದು ತಾಯಿ ಕೊನೆಗಾಲದಲ್ಲಿ ಹೇಳಿದ್ದರು. ಹೊಲದಲ್ಲಿ ಎಲ್ಲಿ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಆ ವಾರವೇ ನಾನು ಮಾರ್ಟಿನ್‌ರನ್ನು ಕಂಡೆ. ಮದುವೆಯಾಗದ, ಅರವತ್ತು ದಾಟಿದ, ಮಿತಮಾತಿನ ಮನುಷ್ಯ. ಅವರು ಹೊಲದ ನೀರು ಬಸಿಯಲು ಕಾಲುವೆ ಹೊಡೆಸುವವರಿದ್ದರು. ಬರುವ ಸೋಮವಾರಕ್ಕೆ ಜೆಸಿಬಿ ಹೇಳಿಯಾಗಿತ್ತು.

“ನಾನೇನು ಕಟುಕ ಅಲ್ಲ” ಎಂದರು ಮಾರ್ಟಿನ್. “ಜಾಗ ಇಲ್ಲಿದೆ ಅಂತ ತೋರಿಸಿ, ಬೇಲಿ ಹಾಕಿ ಬಿಟ್ಬಿಡ್ತೀನಿ. ನಾನಿರೋವರೆಗೂ ಒಂದು ಗುದ್ದಲಿ ಬೀಳಲ್ಲ. ಆದ್ರೆ ಎಲ್ಲೋ ಒಂದ್ಕಡೆ ಇದೆ ಅಂತ ಏಳೆಕರೆನೂ ಹೆಂಗೆ ಬಿಡ್ಲಿ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹಳೆಯ ನಕ್ಷೆಗಳನ್ನೆಲ್ಲ ತಿರುವಿ ಹಾಕಿದೆ, ಆ ಹೊಲದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಉಳಿದದ್ದು ಒಂದೇ ಶನಿವಾರ ಭಾನುವಾರ. ನಾನು ನೋರಾಗೆ, “ಹುಡುಕಿಕೊಡ್ತೀನಿ, ಚಿಂತೆ ಮಾಡ್ಬೇಡಿ” ಎಂದೆ. ಸರ್ವೆಯವರು ಅಳೆಯುವ ಮೊದಲು ಹೀಗೆ ಮಾತು ಕೊಡಬಾರದು. ಹೆಮ್ಮೆ ಕೊಡಿಸಿತು.

ನವೆಂಬರ್ ತಿಂಗಳು, ಶನಿವಾರ. ಬೆಳಗ್ಗೆ ಒಂಬತ್ತಕ್ಕೆ ಹೊಲಕ್ಕೆ ಇಳಿದೆ. ನೋರಾ ಗೇಟಿನ ಬಳಿ ಕಾರಿನಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಕೂತರು. ಇಳಿಯುವಾಗ ಅವರು ಹೇಳಿದ ಮಾತು ಇದು: “ಕೆರೆ ಕಡೆಯಿಂದ ಮಂಜು ಬಂದ್ರೆ ತಕ್ಷಣ ಹೊರಗೆ ಬಂದ್ಬಿಡು. ದಾರಿ ಸಿಗ್ಲಿಲ್ಲ ಅಂದ್ರೆ ಕೋಟು ಬಿಚ್ಚಿ, ಒಳಮೈ ಹೊರಗೆ ಮಾಡಿ ಹಾಕ್ಕೋ.” ಕೆಲವು ಹೊಲಗಳಲ್ಲಿ ಒಂದು ಹಿಡಿ ಹುಲ್ಲುಮಣ್ಣು ಇರುತ್ತದೆ, ಅದರ ಮೇಲೆ ಕಾಲಿಟ್ಟವರಿಗೆ ಗೊತ್ತಿರುವ ಹೊಲದಲ್ಲೇ ಗೇಟು ಸಿಗುವುದಿಲ್ಲ ಎಂದು ಇಲ್ಲಿಯವರ ನಂಬಿಕೆ. ಕೋಟು ತಿರುವಿ ಹಾಕಿದರೆ ಬಿಡುಗಡೆ. ದಾಟಿದರೆ ದಿಕ್ಕು ತಪ್ಪಿಸುವ ಕಾಡುಬಳ್ಳಿಯ ಕಥೆಯನ್ನು ನಮ್ಮಲ್ಲೂ ಕೇಳಿದ್ದೇನೆ. ಕೈಯಲ್ಲಿದ್ದ ಜಿಪಿಎಸ್ ಕೋಲನ್ನು ತೋರಿಸಿ ನಕ್ಕು ಮುಂದೆ ಹೋದೆ.

ಬೇಲಿಗೆ ಸಮನಾಗಿ, ಹತ್ತಡಿಗೊಂದು ಸಾಲಿನಂತೆ ಇಡೀ ಹೊಲ ನಡೆದೆ. ನೆಲದ ಉಬ್ಬು, ತಗ್ಗು, ಕಲ್ಲು, ಯಾವುದನ್ನೂ ಬಿಡದೆ ನೋಡಿದೆ. ಕೆರೆಯ ಕಡೆಯ ಮೂಲೆಯಲ್ಲಿ ಜೊಂಡು ಎದೆಯೆತ್ತರ ಬೆಳೆದಿತ್ತು, ಬುಡದಲ್ಲಿ ನೀರು. ನಮ್ಮಲ್ಲಿ ಬೇಸಾಯಕ್ಕೆ ಬಾರದ ಅಂಥ ನೆಲವನ್ನು ಖರಾಬು ಎಂದು ಬರೆದು ಲೆಕ್ಕದಿಂದ ಹೊರಗಿಡುತ್ತೇವೆ. ನಾನೂ ಒಂಬತ್ತು ವರ್ಷದ ಅಭ್ಯಾಸದಂತೆ ಪುಸ್ತಕದಲ್ಲಿ ಖರಾಬು ಎಂದು ಬರೆದು, ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಅದರೊಳಗೆ ನೋಡಬೇಕೆಂದು ಹೊಳೆಯಲೇ ಇಲ್ಲ.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಕೊನೆಯ ಸಾಲು ಮುಗಿಯಿತು. ಏನೂ ಸಿಕ್ಕಿರಲಿಲ್ಲ. ನೋರಾಗೆ ಏನೆಂದು ಹೇಳಲಿ ಎಂದುಕೊಳ್ಳುತ್ತ ನಿಂತಿದ್ದಾಗ ಕೆರೆಯ ಮೇಲಿಂದ ಮಂಜು ಬಂತು. ನಾಲ್ಕು ನಿಮಿಷದಲ್ಲಿ ನನ್ನ ಬೂಟಿನ ತುದಿಯೂ ಕಾಣದಂತಾಯಿತು. ನನಗೇನೂ ಹೆದರಿಕೆಯಾಗಲಿಲ್ಲ. ಪರದೆಯ ಮೇಲೆ ಗೇಟು ನೂರನಲವತ್ತು ಮೀಟರ್ ದೂರದಲ್ಲಿದೆ ಎಂದು ತೋರಿಸುತ್ತಿತ್ತು. ಬಾಣದ ಗುರುತು ಹಿಡಿದು ಹೆಜ್ಜೆ ಎಣಿಸುತ್ತ ಹೊರಟೆ. ಹೆಜ್ಜೆ ಎಣಿಸುವುದು ನಮ್ಮ ವೃತ್ತಿಯವರಿಗೆ ಅಂಟಿದ ಚಟ.

ಇನ್ನೂರು ಹೆಜ್ಜೆಗೆ ಗೇಟು ಸಿಗಬೇಕಿತ್ತು. ಮುನ್ನೂರಾದರೂ ಸಿಗಲಿಲ್ಲ. ಪರದೆ ನೋಡಿದರೆ ಬಾಣ ನೇರವಾಗಿತ್ತು, ದೂರ ಕಡಿಮೆಯಾಗುತ್ತ ಬಂದಿತ್ತು. ಇನ್ನು ಹತ್ತು ಮೀಟರ್, ಐದು, ಮೂರು. ಕೈ ಚಾಚಿದರೆ ಬರೀ ಮಂಜು. ಮತ್ತೆ ನೋಡಿದರೆ ದೂರ ನೂರನಲವತ್ತು. ಯಂತ್ರ ಕೆಟ್ಟಿತೆಂದುಕೊಂಡು ಅದನ್ನು ಬಿಟ್ಟು ಬೇಲಿ ಹುಡುಕಿದೆ. ಏಳೆಕರೆ ಹೊಲದಲ್ಲಿ ಯಾವ ದಿಕ್ಕಿಗೆ ನಡೆದರೂ ಎಲ್ಲೋ ಒಂದು ಕಡೆ ಬೇಲಿ ತಾಗಲೇಬೇಕು. ಸಾವಿರ ಹೆಜ್ಜೆ ನಡೆದೆ, ತಾಗಲಿಲ್ಲ. ನೋರಾ ಎಂದು ಕೂಗಿದೆ. ನನ್ನ ದನಿ ಬಾಯಿಂದ ಹೊರಬಿದ್ದಲ್ಲೇ ನಿಂತಂತಾಯಿತು.

ಆಗ ಹೆದರಿದೆ. ಸುಳ್ಳು ಯಾಕೆ ಹೇಳಲಿ? ಬಾಯಿಗೆ ಬಂದ ಕುರಾನಿನ ಆಯತುಗಳನ್ನೆಲ್ಲ ಓದಿದೆ. ಒಂದು ವಿಷಯ ಮಾತ್ರ ಹೇಳಬೇಕು: ಯಾರೋ ನನಗೆ ಕೇಡು ಬಯಸುತ್ತಿದ್ದಾರೆ ಎಂದು ಒಮ್ಮೆಯೂ ಅನಿಸಲಿಲ್ಲ. ಚಿಕ್ಕ ಮಕ್ಕಳು ಸೆರಗು ಹಿಡಿದುಕೊಂಡು ಹೋಗಬೇಡ ಎನ್ನುವಾಗ ಆಗುತ್ತದಲ್ಲ, ಅಂಥ ಪೇಚಾಟ. ಕೊನೆಗೆ ನಾಚಿಕೆ ಬಿಟ್ಟು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಮೈಮೇಲಿದ್ದ ಹಳದಿ ಜಾಕೆಟ್ ಬಿಚ್ಚಿ, ತಿರುವಿ ಹಾಕಿಕೊಂಡೆ. ಎರಡು ಹೆಜ್ಜೆ ಇಟ್ಟಿರಬೇಕು, ಗೇಟಿನ ತಣ್ಣನೆಯ ಕಬ್ಬಿಣ ಕೈಗೆ ತಾಗಿತು.

ನೋರಾ ಕಾರಿನ ಬಾಗಿಲು ತೆಗೆದು ನಿಂತಿದ್ದರು. “ಮಂಜು ಬಂದು ಒಂದು ಗಂಟೆ ಆಯ್ತು. ಹಾರ್ನ್ ಹೊಡೀತಾನೇ ಇದ್ದೆ, ಕೇಳಿಸ್ಲಿಲ್ವಾ?” ಎಂದರು. ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಅವರ ಕಣ್ಣು ನನ್ನ ಜಾಕೆಟ್ಟಿನ ಮೇಲೆ ಹೋಯಿತು. ಚಹಾ ಬಗ್ಗಿಸಿ ಕೊಟ್ಟರು. “ಸಿಗಲಿಲ್ಲ ನೋರಾ” ಎಂದೆ. “ಪರವಾಗಿಲ್ಲ ಪೆಟ್, ನೀನು ಸಿಕ್ಕಿದೆಯಲ್ಲ” ಎಂದರು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಸಂಕಟದಲ್ಲಿ ನಾನು ಚಹಾ ಹಾಗೇ ಇಟ್ಟು ಕಾರು ಹೊರಡಿಸಿದೆ.

ಮನೆಗೆ ಬಂದು, ಎಲ್ಲಾದರೂ ಕಣ್ತಪ್ಪಿರಬಹುದೇ ಎಂದು ಯಂತ್ರದ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿದೆ. ಬೆಳಗಿನ ಸಾಲುಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗಿದ್ದವು. ಮಂಜು ಬಂದ ಮೇಲಿನದು ಬೇರೆಯೇ ಇತ್ತು. ನಾನು ಗೇಟಿನ ಕಡೆ ಹೋಗಿರಲೇ ಇಲ್ಲ. ಖರಾಬೆಂದು ಬಿಟ್ಟ ಮೂಲೆಗೆ ಹೋಗಿ, ಆ ಜೊಂಡಿನಲ್ಲಿ ಮೊಟ್ಟೆಯಾಕಾರದ ಒಂದು ಸುತ್ತು ಹಾಕಿದ್ದೆ. ಒಂದಲ್ಲ, ಹನ್ನೊಂದು ಸುತ್ತು. ಹನ್ನೊಂದೂ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿದ್ದವು. ದೊಡ್ಡದು ಮಾಡಿ ನೋಡಿದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ಬೆರಳ ಅಂತರವೂ ಇರಲಿಲ್ಲ. ಒಳಗಿನ ಜಾಗಕ್ಕೆ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ. ಹನ್ನೊಂದನೆಯ ಸುತ್ತು ಮುಗಿದಲ್ಲಿಂದ ಗೇಟಿಗೆ ನೂರನಲವತ್ತು ಮೀಟರ್ ಉದ್ದದ ನೇರ ಗೆರೆ. ನಾನು ಎರಡೇ ಹೆಜ್ಜೆ ಎಂದುಕೊಂಡದ್ದು ಅದನ್ನೇ.

ನಮ್ಮವರನ್ನು ಕರೆದು ತೋರಿಸಿದೆ. “ಮಂಜಲ್ಲಿ ಜನ ಸುತ್ತು ಸುತ್ತಾಗಿ ನಡೀತಾರೆ ಕಣೇ, ಅದು ಗೊತ್ತಿರೋ ವಿಷಯಾನೇ” ಎಂದರು. ಆಮೇಲೆ ಗೆರೆಯನ್ನೇ ನೋಡುತ್ತ ಕೂತರು. “ಬೂಟು ಎಲ್ಲಿ?” ಎಂದು ಕೇಳಿದರು. ಹೋಗಿ ತಂದೆ. ಅಂಗಾಲಿನ ಹಸಿಮಣ್ಣು ಬಿಟ್ಟರೆ ಬೂಟು ಒಣಗಿದ್ದವು. ಆ ಜೊಂಡಿನ ಬುಡದಲ್ಲಿ ಮೊಣಕಾಲುದ್ದ ನೀರಿತ್ತು.

ಮರುದಿನ ಬೆಳಗ್ಗೆ, ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬಂದ ಮಾರ್ಟಿನ್‌ರನ್ನೂ ನೋರಾರನ್ನೂ ಹೊಲಕ್ಕೆ ಕರೆದುಕೊಂಡು ಹೋದೆ. ಹೇಗೆ ಗೊತ್ತಾಯಿತೆಂದು ಹೇಳಲಿಲ್ಲ, ಇಲ್ಲಿ ನೋಡುವುದು ಬಾಕಿ ಇದೆ ಎಂದಷ್ಟೇ ಹೇಳಿದೆ. ಗೆರೆಯುದ್ದಕ್ಕೂ ನಾನು ಗೂಟ ನೆಡುತ್ತ ಹೋದೆ, ಮಾರ್ಟಿನ್ ಹಿಂದಿನಿಂದ ಕುಡುಗೋಲಿನಲ್ಲಿ ಜೊಂಡು ಕೊಯ್ಯುತ್ತ ಬಂದರು. ಹೊರಗೆಲ್ಲ ನೀರು. ಗೂಟಗಳ ಒಳಗೆ ನೆಲ ಒಂದು ಮೊಳ ಎತ್ತರವಿತ್ತು, ಗಟ್ಟಿಯಾಗಿತ್ತು. ಹಾವಸೆ ಸರಿಸಿದಾಗ ಮೊದಲ ಕಲ್ಲು ಕಂಡಿತು. ಅಂಗೈ ಅಗಲದ ಕಲ್ಲು, ಅಕ್ಷರವಿಲ್ಲ, ಯಾರೋ ನಿಲ್ಲಿಸಿ ನೆಟ್ಟದ್ದು. ಅದರ ಪಕ್ಕ ಇನ್ನೊಂದು. ಆಮೇಲೆ ಸಾಲು ಸಾಲಾಗಿ. ಗೂಟಗಳ ಆಚೆ ಮಾರ್ಟಿನ್ ಎಷ್ಟು ಹುಡುಕಿದರೂ ಒಂದೇ ಒಂದು ಕಲ್ಲು ಸಿಗಲಿಲ್ಲ. ಅವರು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ನಾಳೆ ಜೆಸಿಬಿ ಬರಲ್ಲ” ಎಂದರು. “ಬೇಲಿ ಕಂಬ ತರ್ತೀನಿ.”

ಅಳೆದರೆ ಒಟ್ಟು ಐದು ಗುಂಟೆ ಜಾಗ. ನೋರಾ ನನ್ನ ತೋಳು ಹಿಡಿದು ಒಂದೊಂದೇ ಕಲ್ಲಿನ ಮುಂದೆ ನಿಂತು ಮುಂದೆ ಹೋದರು. ತಮ್ಮನ ಕಲ್ಲು ಯಾವುದೆಂದು ತಿಳಿಯುವ ಉಪಾಯವೇನೂ ಇರಲಿಲ್ಲ. ಕೊನೆಯ ಕಲ್ಲಿನ ಹತ್ತಿರ ಅವರು ಕೇಳಿದರು: “ನಿಮ್ಮ ಧರ್ಮದಲ್ಲಿ ಇಂಥ ಮಕ್ಕಳು ಎಲ್ಲಿಗೆ ಹೋಗ್ತವೆ ಅಂತಾರೆ?”

“ಸೀದಾ ಸ್ವರ್ಗಕ್ಕೆ” ಎಂದೆ. “ಅಪ್ಪ ಅಮ್ಮ ಬರೋವರೆಗೂ ಬಾಗಿಲಲ್ಲೇ ಕಾಯ್ತಾ ಇರ್ತವಂತೆ. ನಮ್ಮ ಅಬ್ಬಾ ಹೇಳ್ತಿದ್ರು.”

ನೋರಾ, ಇಲ್ಲಿಯವರು ‘ಚೆನ್ನಾಯಿತು’ ಎನ್ನುವ ಹಾಗೆ, “ಗ್ರ್ಯಾಂಡ್” ಎಂದರು. “ಅದು ಗ್ರ್ಯಾಂಡ್.” ಆಮೇಲೆ ಅತ್ತರು. ಎಪ್ಪತ್ತೇಳು ವರ್ಷ ತಡೆದಿಟ್ಟ ಅಳು. ನಾನೂ ಅತ್ತೆ. ಮಾರ್ಟಿನ್ ಬೆನ್ನು ತಿರುಗಿಸಿ ಜೊಂಡು ಕೊಯ್ಯುತ್ತಲೇ ಇದ್ದರು, ಕೊಯ್ಯಲು ಇನ್ನೇನೂ ಉಳಿದಿರದಿದ್ದರೂ.

ಆ ಯಂತ್ರವನ್ನು ಕಚೇರಿಯಲ್ಲಿ ಪರೀಕ್ಷೆಗೆ ಕೊಟ್ಟೆ, ದೋಷವಿಲ್ಲವೆಂದರು. ಅದೇ ಹೊಲದಲ್ಲಿ ಇನ್ನೆರಡು ಸಲ ಮಂಜಿನಲ್ಲಿ, ಬೇಕೆಂದೇ, ನಡೆದು ನೋಡಿದ್ದೇನೆ. ಎರಡು ಸಲವೂ ಇನ್ನೂರು ಹೆಜ್ಜೆಗೆ ಗೇಟು ಸರಿಯಾಗಿ ಸಿಕ್ಕಿತು. ಕಣ್ಣು ಬಿಟ್ಟುಕೊಂಡು, ಹಾಡುಹಗಲಲ್ಲಿ, ಆ ಗೂಟಗಳ ಸುತ್ತ ಎರಡು ಸುತ್ತು ಹಾಕಿ ದಾಖಲೆ ನೋಡಿದೆ. ಎರಡು ಗೆರೆಗಳು ಒಂದೊಂದು ಅಡಿ ಆಚೀಚೆ ಹೋಗಿದ್ದವು. ಮನುಷ್ಯರ ನಡಿಗೆ ಅಷ್ಟೇ. ದೆವ್ವವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಆ ದಿನದ ಗೆರೆಯನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ನಕ್ಷೆ ಮುಗಿದಾಗ ಅದರ ಕೆಳಗೆ ಒಂದು ಪಟ್ಟಿ ಮಾಡಿದೆವು. ಪ್ರತಿ ತುಂಡಿನ ಹೆಸರು, ಹೆಸರು ಹೇಳಿದವರು, ಅಳೆದವರು. ಆ ಐದು ಗುಂಟೆಗೆ ಯಾವ ಹೆಸರೂ ಇರಲಿಲ್ಲ. ನೋರಾರನ್ನು ಕೇಳಿದಾಗ ಅವರು ತಡಮಾಡದೆ, “ಟಾಮಿ ಅಂತ ಬರಿ” ಎಂದರು. “ಅಪ್ಪ ಅಮ್ಮ ಹೆಸರೇ ಇಡ್ಲಿಲ್ಲ. ನಾನೇ ಇಟ್ಕೊಂಡಿದ್ದೆ. ಯಾರ ಮುಂದೆಯೂ ಹೇಳಿರ್ಲಿಲ್ಲ.” ಟಾಮಿ ಎಂದು ಬರೆದೆ. ಹೆಸರು ಹೇಳಿದವರು ನೋರಾ ಎಂದು ಬರೆದೆ. ಅಳೆದವರು ಎಂಬ ಕಡೆ, ಆ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೂ ಹೆಮ್ಮೆಯಿಂದ ನನ್ನ ಹೆಸರು ಬರೆದುಕೊಂಡು ಬಂದವಳಿಗೆ, ಅಲ್ಲಿ ಬರೆಯಲು ಕೈ ಬರಲಿಲ್ಲ. ಅಚ್ಚಿಗೆ ಹೋಗುವ ಮುಂಚೆ ನೋರಾ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದರು. ಖಾಲಿ ಜಾಗದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿ, “ಹಾಗೇ ಇರ್ಲಿ, ಆ ಮಕ್ಕಳಿಗೆ ಇನ್ನೂ ಬರೆಯೋಕೆ ಬರಲ್ಲ” ಎಂದರು.